ತುಟಿಗೆ ಮೊದಲು ಕಿವಿ: ಹಳೆಯ ಹಾಲಿವುಡ್‌ನ ಪ್ರಣಯ ದೃಶ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ‘ಕಾಸಾಬ್ಲಾಂಕಾ’ ಚಿತ್ರದ ಬಗ್ಗೆ ಬರೆಯುವಾಗ, ಹಂಫ್ರಿ ಬೋಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್ ನಡುವೆ ತೆರೆಯ ಮೇಲೆ ಕಾಣುವ ಒಲವು ತೆರೆಯ ಹೊರಗೆ ಇರಲಿಲ್ಲವೆಂದು ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೆ. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳೆಲ್ಲ ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪ್ರೇಮವೇ ಇಲ್ಲದ ಇಬ್ಬರು ಅಷ್ಟು ನಿಜವಾಗಿ ಹೇಗೆ ಪ್ರೇಮಿಸಬಲ್ಲರು? ‘ಕೆಮಿಸ್ಟ್ರಿ’ ಎಂದು ಎಲ್ಲರೂ ಹೇಳುವ ಆ ವಸ್ತು ಹುಟ್ಟಿನಿಂದ ಬರುವುದೋ, ಕಲಿತು ಬರುವುದೋ?
(ಕಾಲೇಜು ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ)

ಉತ್ತರ: ಸಂಗೀತಗಾರರು ಶ್ರುತಿ ಕೂಡಿತು ಎನ್ನುತ್ತಾರಲ್ಲ, ಈ ಸಂಗತಿಗೆ ಆ ಮಾತೇ ಹೆಚ್ಚು ಸರಿಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ತಂಬೂರಿಗೂ ಹಾಡುವವರಿಗೂ ಪ್ರೀತಿ ಇರಬೇಕಾಗಿಲ್ಲ, ಒಂದು ಮತ್ತೊಂದಕ್ಕೆ ಕಿವಿಗೊಡಬೇಕು, ಅಷ್ಟೆ. ಬರ್ಗ್‌ಮನ್ ತಾವು ಬೋಗಾರ್ಟ್ ಅವರಿಗೆ ಮುತ್ತಿಟ್ಟರೂ ಅವರನ್ನು ಎಂದೂ ಅರಿಯಲಿಲ್ಲವೆಂದು ಮುಂದೆ ಹೇಳಿಕೊಂಡಿದ್ದರು. ಚಿತ್ರೀಕರಣಕ್ಕೆ ಮೊದಲು ಅವರು ಬೋಗಾರ್ಟ್ ನಟಿಸಿದ್ದ ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರವನ್ನು ಮತ್ತೆ ಮತ್ತೆ ನೋಡಿ, ಆ ಮನುಷ್ಯನ ಮುಖ ಯಾವಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಗುರುತು ಮಾಡಿಕೊಂಡಿದ್ದರು. ಇದನ್ನು ನಾನು ಕಿವಿಗೊಡುವುದು ಎಂದೇ ಕರೆಯುತ್ತೇನೆ. ಚಿತ್ರಕಥೆ ದಿನದಿನಕ್ಕೂ ತಿದ್ದುಪಡಿಯಾಗುತ್ತಿದ್ದುದರಿಂದ, ತನ್ನ ಪಾತ್ರ ಕೊನೆಗೆ ಗಂಡನ ಜೊತೆ ಹೋಗುವುದೋ ಹಳೆಯ ಪ್ರೇಮಿಯ ಜೊತೆ ಉಳಿಯುವುದೋ ಎಂದು ಅವರು ಕೇಳಿದಾಗ, ಎರಡರ ನಡುವೆ ಇರುವಂತೆ ನಟಿಸು ಎಂಬ ಉತ್ತರ ನಿರ್ದೇಶಕ ಮೈಕೆಲ್ ಕರ್ಟೀಜ್ ಅವರಿಂದ ಬಂದಿತಂತೆ. ಆ ತೂಗಾಟ ಬರ್ಗ್‌ಮನ್ ಅವರ ಕಣ್ಣಿನಲ್ಲಿ ಉಳಿದಿದೆ. ಜೊತೆಗೆ ಛಾಯಾಗ್ರಾಹಕ ಆರ್ಥರ್ ಎಡಿಸನ್ ಆ ಕಣ್ಣುಗಳಲ್ಲಿ ಬೆಳಕಿನ ಚುಕ್ಕೆ ಹೊಳೆಯುವಂತೆ ದೀಪ ಜೋಡಿಸಿದ್ದರು, ಬರ್ಗ್‌ಮನ್ ಅವರಿಗಿಂತ ತುಸು ಗಿಡ್ಡವಾಗಿದ್ದ ಬೋಗಾರ್ಟ್ ಬೂಟಿಗೆ ಎತ್ತರದ ಅಟ್ಟೆ ಕಟ್ಟಿಕೊಂಡಿದ್ದರು. ನಾವು ಒಲವೆಂದು ನೋಡಿ ಕರಗಿದ್ದರಲ್ಲಿ ದೀಪದವರ ಪಾಲೂ ಇದೆ, ಚಮ್ಮಾರರ ಪಾಲೂ ಇದೆ. ಇದನ್ನು ತಿಳಿದ ಮೇಲೂ ಆ ದೃಶ್ಯಗಳ ಮೇಲಿನ ನನ್ನ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ.

ನಿಜವಾದ ಪ್ರೇಮ ತೆರೆಗೆ ನೆರವಾಗುವುದಿಲ್ಲವೆಂದು ಇದರ ಅರ್ಥವಲ್ಲ. 1926ರಲ್ಲಿ ‘ಫ್ಲೆಶ್ ಅಂಡ್ ದಿ ಡೆವಿಲ್’ ಎಂಬ ಮೂಕಿ ಚಿತ್ರ ತಯಾರಾಗುವಾಗ ಗ್ರೇಟಾ ಗಾರ್ಬೊ ಮತ್ತು ಜಾನ್ ಗಿಲ್ಬರ್ಟ್ ನಿಜವಾಗಿಯೂ ಪ್ರೀತಿಯಲ್ಲಿ ಬಿದ್ದರು. ಆ ಚಿತ್ರದಲ್ಲಿ ಕತ್ತಲ ತೋಟದಲ್ಲಿ ಅವನು ಅವಳ ಸಿಗರೇಟಿಗೆ ಬೆಂಕಿಕಡ್ಡಿ ಗೀರುವ ಒಂದು ದೃಶ್ಯವಿದೆ. ಇಬ್ಬರ ಮುಖಗಳೂ ಆ ಕಡ್ಡಿಯ ಬೆಳಕಿನಲ್ಲಿ ಮಾತ್ರ ಅರಳಿದಂತೆ ಕಾಣುತ್ತವೆ. ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್ ಒಂದು ಪುಟ್ಟ ದೀಪವನ್ನು ಗಿಲ್ಬರ್ಟ್ ಅವರ ಅಂಗೈಯಲ್ಲಿ ಬಚ್ಚಿಟ್ಟು ಆ ಬೆಳಕನ್ನು ತಂದಿದ್ದರು. ನಿಜವಾದ ಪ್ರೇಮಿಗಳಿಗೂ ಅಂಗೈಯ ದೀಪ ಬೇಕಾಯಿತು. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ ಮುಂದಿನದು. 1933ರ ‘ಕ್ವೀನ್ ಕ್ರಿಸ್ಟಿನಾ’ದ ಹೊತ್ತಿಗೆ ಅವರ ಪ್ರೇಮ ಮುಗಿದು ಹೋಗಿತ್ತು. ನಾಯಕನ ಪಾತ್ರಕ್ಕೆ ಬಂದಿದ್ದ ಲಾರೆನ್ಸ್ ಒಲಿವಿಯೆ ಅವರನ್ನು ಬಿಡಿಸಿ, ಬೇಡಿಕೆ ಕಳೆದುಕೊಂಡಿದ್ದ ಗಿಲ್ಬರ್ಟ್ ಅವರನ್ನೇ ಗಾರ್ಬೊ ಹಟ ಹಿಡಿದು ತರಿಸಿಕೊಂಡರು. ಆ ಚಿತ್ರದ ಪ್ರಣಯ ದೃಶ್ಯಗಳಲ್ಲಿ ಮೊದಲಿನ ಬೆಂಕಿ ಇಲ್ಲ, ಆದರೆ ಒಬ್ಬರ ಉಸಿರು ಮತ್ತೊಬ್ಬರಿಗೆ ಗೊತ್ತಿರುವ ನೆಮ್ಮದಿ ಇದೆ, ಮತ್ತು ನನ್ನ ಮನಸ್ಸಿಗೆ ಅವೇ ಹೆಚ್ಚು ಹತ್ತಿರ.

ಇನ್ನು ಲಾರೆನ್ ಬಕಾಲ್. 1944ರ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಚಿತ್ರೀಕರಣದಲ್ಲಿ ಅವರಿಗೆ 19 ವರ್ಷ, ಅದು ಅವರ ಮೊದಲ ಚಿತ್ರ. ಭಯದಿಂದ ತಲೆ ನಡುಗುತ್ತಿದ್ದುದರಿಂದ ಗದ್ದವನ್ನು ಎದೆಯತ್ತ ಒತ್ತಿ ಹಿಡಿದು, ಕಣ್ಣನ್ನಷ್ಟೇ ಮೇಲೆತ್ತಿ ಬೋಗಾರ್ಟ್ ಅವರನ್ನು ನೋಡಿದರು. ಜಗತ್ತು ಅದನ್ನು ಧೈರ್ಯದ, ಸವಾಲಿನ ನೋಟವೆಂದು ಮೆಚ್ಚಿಕೊಂಡಿತು. ಮೊದಲ ಮುತ್ತಿಗೆ ಅವನು ಸುಮ್ಮನೆ ಕುಳಿತಿರುತ್ತಾನೆ, ಎರಡನೆಯದಕ್ಕೆ ಅವನೂ ಸ್ಪಂದಿಸುತ್ತಾನೆ, ಮತ್ತು ಆ ವ್ಯತ್ಯಾಸವನ್ನು ಅವಳು ಬಾಯಿಬಿಟ್ಟು ಹೇಳುತ್ತಾಳೆ. ಇಬ್ಬರೂ 1945ರ ಮೇ ತಿಂಗಳಲ್ಲಿ ಮದುವೆಯಾದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಆ ಎರಡನೆಯ ಮುತ್ತಿನಲ್ಲೇ ಇದೆ: ಒಬ್ಬರು ಕೊಟ್ಟದ್ದನ್ನು ಮತ್ತೊಬ್ಬರು ಪಡೆದು ಬದಲಾಗುವುದು ನಮಗೆ ಕಣ್ಣಾರೆ ಕಾಣಬೇಕು. ಇದನ್ನು ಕಲಿಯಬಹುದು.

ಪ್ರಶ್ನೆ: ಹಳೆಯ ಹಾಲಿವುಡ್‌ನಲ್ಲಿ ಮುತ್ತು ಮೂರು ಸೆಕೆಂಡು ಮೀರಬಾರದೆಂಬ ಕಾನೂನು ಇತ್ತೆಂದು ಓದಿದ್ದೇನೆ. ಇದು ನಿಜವೇ?
(ನಿವೃತ್ತ ಶಿಕ್ಷಕರು, ಜಮಖಂಡಿ)

ಉತ್ತರ: ಸರ್ಕಾರದ ಕಾನೂನು ಇರಲಿಲ್ಲ. ನಿರ್ಮಾಪಕರ ಸಂಘ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು ಇತ್ತು. ಸಂಘದ ಅಧ್ಯಕ್ಷ ವಿಲ್ ಹೇಸ್ ಅವರ ಹೆಸರಿನಿಂದ ಅದನ್ನು ಹೇಸ್ ಸಂಹಿತೆ ಎಂದು ಕರೆಯುತ್ತಾರೆ. ಅದು 1930ರಲ್ಲಿ ಒಪ್ಪಿತವಾಯಿತಾದರೂ ನಾಲ್ಕು ವರ್ಷ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. 1934ರ ಜುಲೈನಿಂದ, ಸಂಹಿತೆಯನ್ನು ಜಾರಿಗೊಳಿಸುತ್ತಿದ್ದ ಜೋಸೆಫ್ ಬ್ರೀನ್ ಅವರ ಕಚೇರಿಯ ಮುದ್ರೆ ಇಲ್ಲದ ಚಿತ್ರವನ್ನು ಸಂಘದ ಚಿತ್ರಮಂದಿರಗಳಲ್ಲಿ ಹಾಕುವಂತಿರಲಿಲ್ಲ, ಹಾಕಿದರೆ 25,000 ಡಾಲರ್ ದಂಡ. ಅತಿಯಾದ, ಕಾಮೋದ್ರೇಕದ ಚುಂಬನವನ್ನು ತೋರಿಸಬಾರದೆಂದು ಸಂಹಿತೆ ಹೇಳುತ್ತದೆಯೇ ಹೊರತು ಅದರ ಪಠ್ಯದಲ್ಲಿ ಸೆಕೆಂಡುಗಳ ಲೆಕ್ಕವಿಲ್ಲ. ಮೂರು ಸೆಕೆಂಡು ಎಂಬುದು ರೂಢಿಯ ಮಾತು. ಆದರೆ ಯಾವುದು ಅತಿ ಎಂಬುದನ್ನು ಕಚೇರಿಯವರೇ ತೀರ್ಮಾನಿಸುತ್ತಿದ್ದುದರಿಂದ ನಿರ್ದೇಶಕರು ಗಡಿಯಾರ ನೋಡಿಕೊಂಡೇ ಕೆಲಸ ಮಾಡುತ್ತಿದ್ದರು. 1968ರ ನವೆಂಬರ್‌ನಲ್ಲಿ ವಯಸ್ಸಿಗನುಗುಣವಾದ ಶ್ರೇಣಿಗಳು ಬಂದ ಮೇಲೆ ಸಂಹಿತೆ ಕೊನೆಗೊಂಡಿತು.

ಈ ಗಡಿಯಾರದಿಂದಲೇ ಹುಟ್ಟಿದ ಒಂದು ದೃಶ್ಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಲ್‌ಫ್ರೆಡ್ ಹಿಚ್‌ಕಾಕ್ ಅವರ 1946ರ ‘ನಟೋರಿಯಸ್’ ಚಿತ್ರದಲ್ಲಿ ಕ್ಯಾರಿ ಗ್ರಾಂಟ್ ಮತ್ತು ಬರ್ಗ್‌ಮನ್ ರಿಯೋ ನಗರದ ಒಂದು ಮನೆಯ ಬಾಲ್ಕನಿಯಲ್ಲಿ ಮುತ್ತಿಡಲು ಆರಂಭಿಸುತ್ತಾರೆ. ಕೆಲವು ಕ್ಷಣಕ್ಕೊಮ್ಮೆ ತುಟಿಗಳು ಬೇರೆಯಾಗುತ್ತವೆ, ಒಂದು ಮಾತು ಬರುತ್ತದೆ, ಮತ್ತೆ ಮುತ್ತು. ಹಾಗೆಯೇ ಅಪ್ಪಿಕೊಂಡು ಒಳಗೆ ನಡೆಯುತ್ತಾರೆ. ರಾತ್ರಿಯ ಊಟಕ್ಕೆ ಕೋಳಿ ಬೇಯಿಸುವ ಮಾತಾಗುತ್ತದೆ, ಅವನು ಹೋಟೆಲಿಗೆ ಫೋನ್ ಮಾಡಿ ತನಗೆ ಸಂದೇಶವಿದೆಯೇ ಎಂದು ಕೇಳುತ್ತಾನೆ, ಆಗಲೂ ಅವಳ ಕೆನ್ನೆ ಅವನ ಕೆನ್ನೆಗೆ ತಾಗಿಯೇ ಇರುತ್ತದೆ. ಬಾಗಿಲಿನವರೆಗೆ ಸುಮಾರು ಎರಡೂವರೆ ನಿಮಿಷ ಕ್ಯಾಮೆರಾ ಅವರ ಮುಖಗಳನ್ನು ಬಿಡುವುದಿಲ್ಲ. ಯಾವ ಮುತ್ತೂ ಉದ್ದವಿಲ್ಲ, ಆದ್ದರಿಂದ ಕಚೇರಿ ಕತ್ತರಿ ಹಾಕಲಾಗಲಿಲ್ಲ. ನಟರಿಬ್ಬರಿಗೂ ಹಾಗೆ ಅಂಟಿಕೊಂಡು ನಡೆಯುವುದು ತೀರ ಮುಜುಗರದ ಕೆಲಸವಾಗಿತ್ತು. ತೆರೆಯ ಮೇಲೆ ಚೆನ್ನಾಗಿ ಕಾಣುವುದೇ ಮುಖ್ಯವೆಂದು ಹಿಚ್‌ಕಾಕ್ ಪಟ್ಟು ಹಿಡಿದರು.

ಈ ಕಲ್ಪನೆಯ ಬೀಜ ಎಲ್ಲಿಯದೆಂದು ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೊ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಹಿಚ್‌ಕಾಕ್ ಹೇಳಿದ್ದಾರೆ. ಒಮ್ಮೆ ಫ್ರಾನ್ಸಿನಲ್ಲಿ ರೈಲಿನ ಕಿಟಕಿಯಿಂದ ಅವರು ಒಂದು ಜೋಡಿಯನ್ನು ಕಂಡರು. ಹುಡುಗ ಒಂದು ಗೋಡೆಗೆ ಮುಖ ಮಾಡಿ ಮೂತ್ರ ಮಾಡುತ್ತಿದ್ದ, ಹುಡುಗಿ ಅಷ್ಟು ಹೊತ್ತೂ ಅವನ ತೋಳನ್ನು ಬಿಟ್ಟಿರಲಿಲ್ಲ. ಆ ಬಿಡದ ಕೈಯನ್ನು ಅವರು ‘ನಟೋರಿಯಸ್’ಗೆ ತಂದರು. ಜಮಖಂಡಿಯ ಗುರುಗಳು ಈ ಚಿತ್ರವನ್ನು ಮತ್ತೊಮ್ಮೆ ನೋಡುವುದಾದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕೆಂದು ನನ್ನ ವಿನಂತಿ. ಆ ಎರಡೂವರೆ ನಿಮಿಷದಲ್ಲಿ ಅವನು ಅವಳನ್ನು ಪ್ರೀತಿಸುತ್ತೇನೆಂದು ಹೇಳುವುದಿಲ್ಲ, ಅವಳು ಅದನ್ನು ಎತ್ತಿ ಆಡಿದರೂ ಜಾರಿಕೊಳ್ಳುತ್ತಾನೆ. ಅವನ ಬಾಯಿಂದ ಆ ಮಾತು ಹೊರಡುವುದು ಚಿತ್ರದ ಕೊನೆಯಲ್ಲಿ, ವಿಷ ಏರಿ ಅವಳು ಹಾಸಿಗೆ ಹಿಡಿದಾಗ. ಮೊದಲ ದೃಶ್ಯದಲ್ಲಿ ತುಟಿಗಳು ಎಷ್ಟು ಹತ್ತಿರವೋ ಮಾತು ಅಷ್ಟು ದೂರ, ಮತ್ತು ಆ ದೂರವೇ ಇಡೀ ಕಥೆಯನ್ನು ನಡೆಸುತ್ತದೆ.

ಪ್ರಶ್ನೆ: ಸಮುದ್ರದ ಅಲೆಗಳ ನಡುವೆ ಮಲಗಿ ಮುತ್ತಿಡುವ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇವೆ. ಅದು ಅಷ್ಟು ಪ್ರಸಿದ್ಧವೇಕೆ?
(ಅಂಗಡಿಕಾರರು, ಬಾಗಲಕೋಟೆ)

ಉತ್ತರ: ಅದು 1953ರ ‘ಫ್ರಮ್ ಹಿಯರ್ ಟು ಇಟರ್ನಿಟಿ’. ನಟರು ಬರ್ಟ್ ಲ್ಯಾಂಕಾಸ್ಟರ್ ಮತ್ತು ಡೆಬೊರಾ ಕೆರ್, ಸ್ಥಳ ಹವಾಯಿಯ ಒಆಹು ದ್ವೀಪದ ಹಲೋನಾ ಕಡಲಕೊಲ್ಲಿ. ಅಲೆ ಬಂದು ಮೈಮೇಲೆ ಹಾಯುವ ಆ ಒಂದು ಚೌಕಟ್ಟು ಸಾಕಷ್ಟು ಸುಂದರವಾಗಿದೆ. ಆದರೆ ಆ ಚೌಕಟ್ಟಿನ ಮರುಕ್ಷಣವನ್ನು ಯಾವ ಕ್ಯಾಲೆಂಡರೂ ಅಚ್ಚು ಹಾಕುವುದಿಲ್ಲ. ತನಗೆ ಹೀಗೆ ಯಾರೂ ಮುತ್ತಿಟ್ಟಿರಲಿಲ್ಲವೆಂದು ಅವಳು ಹೇಳಿದೊಡನೆ, ಎಷ್ಟು ಗಂಡಸರ ಲೆಕ್ಕದಲ್ಲಿ ಈ ಮಾತು ಎಂದು ಅವನು ಕೇಳುತ್ತಾನೆ, ಜಗಳವಾಗುತ್ತದೆ, ಆಮೇಲೆ ಅವಳು ತನ್ನ ಮದುವೆಯ ಮತ್ತು ಕಳೆದುಕೊಂಡ ಮಗುವಿನ ನೋವನ್ನು ತೋಡಿಕೊಳ್ಳುತ್ತಾಳೆ. ನನಗೆ ಆ ದೃಶ್ಯ ದೊಡ್ಡದಾಗುವುದು ಅಲ್ಲಿಂದ ಮುಂದೆ.

ಪ್ರಶ್ನೆ: ಒಬ್ಬರನ್ನೊಬ್ಬರು ಕಂಡರಾಗದ ನಟ ನಟಿಯರೂ ಪ್ರೇಮಿಗಳಾಗಿ ಗೆದ್ದದ್ದುಂಟೇ?
(ಓದುಗರು, ಮುಧೋಳ)

ಉತ್ತರ: ಉಂಟು. 1939ರ ‘ವದರಿಂಗ್ ಹೈಟ್ಸ್’ ಚಿತ್ರದಲ್ಲಿ ಒಲಿವಿಯೆ ತಮ್ಮ ಪ್ರೇಯಸಿ ವಿವಿಯನ್ ಲೀ ನಾಯಕಿಯಾಗಬೇಕೆಂದು ಬಯಸಿದ್ದರು. ಪಾತ್ರ ಮರ್ಲ್ ಒಬೆರಾನ್ ಅವರಿಗೆ ಹೋಯಿತು, ಸೆಟ್ಟಿನಲ್ಲಿ ಇಬ್ಬರಿಗೂ ಕಾದಾಟವಾಯಿತು. ನಿರ್ದೇಶಕ ವಿಲಿಯಂ ವೈಲರ್ ಒಂದೇ ದೃಶ್ಯವನ್ನು ಹಲವು ಸಲ ತೆಗೆಸುವವರು. ಗ್ರೆಗ್ ಟೋಲೆಂಡ್ ಅವರ ಛಾಯಾಗ್ರಹಣಕ್ಕೆ ಆಸ್ಕರ್ ಬಂದಿತು. ದ್ವೇಷವೂ ಒಂದು ಬಗೆಯ ಗಮನವೇ ಆದ್ದರಿಂದ ತೆರೆಯ ಮೇಲೆ ಅದು ಬಿಸಿಯಾಗಿಯೇ ಕಾಣುತ್ತದೆ. ತೆರೆಯನ್ನು ತಣ್ಣಗೆ ಮಾಡುವುದು ಉದಾಸೀನ.

ಪ್ರಶ್ನೆ: ಮೂಕಿ ಚಿತ್ರಗಳಿಗೆ ಧ್ವನಿ ಸೇರಿದ್ದರಿಂದ ಪ್ರಣಯ ದೃಶ್ಯಗಳಿಗೆ ಲಾಭವಾಯಿತೋ ನಷ್ಟವೋ?
(ಪದವಿ ವಿದ್ಯಾರ್ಥಿ, ವಿಜಯಪುರ)

ಉತ್ತರ: ಮೊದಲು ನಷ್ಟ, ಆಮೇಲೆ ದೊಡ್ಡ ಲಾಭ. 1929ರ ‘ಹಿಸ್ ಗ್ಲೋರಿಯಸ್ ನೈಟ್’ ಚಿತ್ರದಲ್ಲಿ ಅದೇ ಜಾನ್ ಗಿಲ್ಬರ್ಟ್ ನಾಯಕಿಗೆ ಮುತ್ತಿಡುತ್ತ, ಪ್ರೀತಿಸುತ್ತೇನೆ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದಾಗ ಪ್ರೇಕ್ಷಕರು ನಕ್ಕುಬಿಟ್ಟರು. ಅವರ ಕಂಠ ಸರಿಯಿರಲಿಲ್ಲ ಎಂಬ ಮಾತು ಆಮೇಲೆ ಹರಡಿತು. ತಪ್ಪು ಕಂಠದ್ದಲ್ಲ, ಕಣ್ಣು ಆಗಲೇ ಹೇಳಿ ಮುಗಿಸಿದ್ದನ್ನು ಬಾಯಿಯಿಂದ ಮತ್ತೆ ಹೇಳಿಸಿದ ಸಂಭಾಷಣೆಯದು. ನಿಮ್ಮ ಊರಿನಲ್ಲಿ ಇದನ್ನು ವಿವರಿಸುವುದು ನನಗೆ ಸುಲಭ. ಗೋಲ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಕಿರುಚಿದರೆ ಗದ್ದಲ ಮಾತ್ರ ಏಳುತ್ತದೆ, ಗೋಡೆಗೆ ಮುಖವಿಟ್ಟು ಮೆಲ್ಲಗೆ ನುಡಿದರೆ ಆಚೆಯ ಬದಿಯವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಮೈಕಿಗೂ ಇದೇ ಗುಣವಿದೆಯೆಂದು ಚಿತ್ರರಂಗ ಕೆಲವೇ ವರ್ಷಗಳಲ್ಲಿ ಅರಿತುಕೊಂಡಿತು. ರಂಗಮಂದಿರದ ಕೊನೆಯ ಸಾಲಿನವರಿಗೆ ಕೇಳುವಂತೆ ಪ್ರೇಮವನ್ನು ಕೂಗಬೇಕಾದ ಅಗತ್ಯ ಅಲ್ಲಿಗೆ ಮುಗಿಯಿತು. ಬಕಾಲ್ ಅವರ ತಗ್ಗು ದನಿ, ‘ನಟೋರಿಯಸ್’ ಚಿತ್ರದ ಪಿಸುಮಾತು, ಎರಡೂ ಮೈಕಿನ ಮಕ್ಕಳು.

ಪ್ರಶ್ನೆ: ನಮ್ಮ ಕೃಷ್ಣ ಪಾರಿಜಾತದಲ್ಲಿ ಮುತ್ತಿಲ್ಲ, ಕಂಪನಿ ನಾಟಕಗಳಲ್ಲೂ ಇರಲಿಲ್ಲ. ಆದರೂ ಶೃಂಗಾರಕ್ಕೆ ಕೊರತೆ ಇರಲಿಲ್ಲ. ಹಾಗಾದರೆ ಹೇಸ್ ಸಂಹಿತೆಯಂಥ ಕಟ್ಟುಪಾಡು ಕಲೆಗೆ ಒಳ್ಳೆಯದನ್ನೇ ಮಾಡಿತೆಂದು ಹೇಳಬಹುದಲ್ಲವೇ?
(ಹವ್ಯಾಸಿ ರಂಗಕರ್ಮಿ, ಗೋಕಾಕ)

ಉತ್ತರ: ನಿಮ್ಮ ಮಾತಿನ ಮೊದಲರ್ಧವನ್ನು ಮನಸಾರೆ ಒಪ್ಪುತ್ತೇನೆ. ನಾಟ್ಯಶಾಸ್ತ್ರವೂ ಚುಂಬನ, ಆಲಿಂಗನಗಳನ್ನು ರಂಗದ ಮೇಲೆ ತೋರಿಸಬಾರದೆನ್ನುತ್ತದೆ, ಮತ್ತು ಅದು ಕೊಡುವ ಕಾರಣ ಬಹಳ ಮನೆಮಾತಿನದು: ತಂದೆ, ಮಗ, ಸೊಸೆ, ಅತ್ತೆ ಒಟ್ಟಿಗೆ ಕುಳಿತು ನಾಟಕ ನೋಡುತ್ತಾರೆ. ನಿಮ್ಮ ತಾಲೂಕಿನ ನೆಲದಲ್ಲೇ ಬೆಳೆದ ಪಾರಿಜಾತದ ಮೇಳಗಳಲ್ಲಿ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರ ಪರಂಪರೆಯಲ್ಲಿ, ಮುನಿಸಿಕೊಂಡ ಸತ್ಯಭಾಮೆ ಮುಖ ತಿರುಗಿಸಿ ನಿಂತಾಗ ಕೃಷ್ಣ ಅವಳನ್ನು ಮುಟ್ಟದೆ, ಹಾಡಿನಿಂದಲೇ ರಾತ್ರಿಯೆಲ್ಲ ಒಲಿಸುತ್ತಾನೆ. ಅಲ್ಲಿಯೂ ಒಬ್ಬರು ಮತ್ತೊಬ್ಬರಿಗೆ ಕಿವಿಗೊಡುತ್ತಿದ್ದಾರೆ. ಹಾಲಿವುಡ್‌ನಲ್ಲಿ ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಜೋಡಿ ಹತ್ತು ಚಿತ್ರಗಳಲ್ಲಿ ನಟಿಸಿದರೂ ಮುತ್ತಿಟ್ಟದ್ದು ಬಹಳ ಅಪರೂಪ. ಅವರ ಪ್ರಣಯ, ಮುನಿಸು, ಒಪ್ಪಿಗೆ ಎಲ್ಲವೂ ನೃತ್ಯದಲ್ಲೇ ಮುಗಿಯುತ್ತಿತ್ತು.

ಎರಡನೆಯ ಅರ್ಧವನ್ನು ಒಪ್ಪಲಾರೆ. ಕವಿ ತಾನೇ ಆರಿಸಿಕೊಂಡ ಛಂದಸ್ಸು ಒಂದು, ಯಾರು ಯಾರನ್ನು ಪ್ರೀತಿಸಬಹುದೆಂದು ಹೊರಗಿನವರು ಎಳೆದ ಗೆರೆ ಮತ್ತೊಂದು. ಹೇಸ್ ಸಂಹಿತೆ ಬಿಳಿಯರ ಮತ್ತು ಕರಿಯರ ನಡುವಿನ ಪ್ರಣಯ ಸಂಬಂಧವನ್ನೇ ನಿಷೇಧಿಸಿತ್ತು, ಮತ್ತು ಆಚರಣೆಯಲ್ಲಿ ಆ ನಿಷೇಧದ ನೆರಳು ಏಷ್ಯಾ ಮೂಲದ ಕಲಾವಿದರ ಮೇಲೂ ಬಿದ್ದಿತ್ತು. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನೀ ಮೂಲದ ಆನಾ ಮೇ ವಾಂಗ್ ತಮ್ಮ ಕಾಲದ ದೊಡ್ಡ ಪ್ರತಿಭೆ. 1937ರ ‘ದಿ ಗುಡ್ ಅರ್ಥ್’ ಚೀನಾದ ರೈತ ದಂಪತಿಯ ಕಥೆ. ಗಂಡನ ಪಾತ್ರ ಬಿಳಿಯ ನಟ ಪಾಲ್ ಮುನಿ ಅವರದಾದ್ದರಿಂದ ಹೆಂಡತಿಯ ಪಾತ್ರವೂ ಬಿಳಿಯ ನಟಿ ಲೂಯಿಸ್ ರೈನರ್ ಅವರಿಗೆ ಹೋಯಿತು, ಅವರಿಗೆ ಆಸ್ಕರ್ ಕೂಡ ಬಂದಿತು. ವಾಂಗ್ ಅವರ ಮುಂದೆ ಉಳಿದದ್ದು ಮನೆ ಮುರಿಯುವ ಉಪಪತ್ನಿಯ ಪಾತ್ರ, ಅದನ್ನು ಅವರು ಬೇಡವೆಂದರು. ಮೇಲೆ ಹೇಳಿದ ಮರ್ಲ್ ಒಬೆರಾನ್ 1911ರಲ್ಲಿ ಮುಂಬೈಯಲ್ಲಿ, ಮಿಶ್ರ ಮೂಲದ ಕುಟುಂಬದಲ್ಲಿ ಹುಟ್ಟಿದವರು. ನಾಯಕಿಯಾಗಿ ಉಳಿಯಬೇಕೆಂದು ಅದನ್ನು ಬದುಕಿನುದ್ದಕ್ಕೂ ಮುಚ್ಚಿಟ್ಟರು. ಅವರ ಪ್ರಣಯ ದೃಶ್ಯಗಳನ್ನು ನೋಡುವಾಗ ನನಗೆ ಈ ಮೌನವೂ ಕೇಳಿಸುತ್ತದೆ, ಅದನ್ನು ಕಲೆಯ ಸಂಯಮವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಗೆರೆ ಎಷ್ಟು ಗಟ್ಟಿಯಾಗಿತ್ತೆಂದರೆ, 1967ರ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ಚಿತ್ರದಲ್ಲಿ ಸಿಡ್ನಿ ಪೊಯ್ಟಿಯೆ ಮತ್ತು ಕ್ಯಾಥರೀನ್ ಹೌಟನ್ ಅವರ ಮುತ್ತು ನಮಗೆ ಕಾಣುವುದು ಟ್ಯಾಕ್ಸಿ ಚಾಲಕನ ಮುಂದಿನ ಕನ್ನಡಿಯಲ್ಲಿ. ಅಮೆರಿಕದ ಸುಪ್ರೀಂ ಕೋರ್ಟು ಅಂತರ್ವರ್ಣೀಯ ವಿವಾಹದ ನಿಷೇಧಗಳನ್ನು ರದ್ದು ಮಾಡಿದ್ದೂ ಅದೇ ವರ್ಷದ ಜೂನ್ 12ರಂದು.

ನಮ್ಮ ದೇಶದ ಮಾತನ್ನೂ ಒಂದೆರಡು ವಾಕ್ಯದಲ್ಲಿ ಹೇಳಿಬಿಡುತ್ತೇನೆ. ಭಾರತೀಯ ತೆರೆಯ ಮೇಲೆ ಮುತ್ತು ಹಿಂದೆ ಇರಲೇ ಇಲ್ಲವೆಂಬುದು ಸರಿಯಲ್ಲ. 1933ರ ‘ಕರ್ಮ’ ಚಿತ್ರದಲ್ಲಿ ದೇವಿಕಾ ರಾಣಿ, ನಿಜಜೀವನದಲ್ಲಿ ತಮ್ಮ ಪತಿಯಾಗಿದ್ದ ಹಿಮಾಂಶು ರಾಯ್ ಅವರಿಗೆ ಮುತ್ತಿಟ್ಟಿದ್ದಾರೆ. ಕಥೆಯಲ್ಲಿ ಅವನು ಹಾವು ಕಚ್ಚಿ ಎಚ್ಚರ ತಪ್ಪಿದ್ದಾನೆ, ಅವಳದು ಗಾಬರಿಯ ಮುತ್ತು. 1969ರಲ್ಲಿ ಚಲನಚಿತ್ರ ಸೆನ್ಸಾರ್ ಪದ್ಧತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಖೋಸ್ಲಾ ಸಮಿತಿಯೂ ಕಥೆಗೆ ಅಗತ್ಯವಾದ ಚುಂಬನಕ್ಕೆ ತಡೆ ಇರಬಾರದೆಂದು ವರದಿ ಕೊಟ್ಟಿತ್ತು.

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಪಕ್ಕದಲ್ಲಿ ಕುಳಿತು ನೋಡಬಹುದಾದ, ಆದರೆ ಪ್ರೀತಿಯನ್ನು ಮುಚ್ಚಿಡದ ಒಂದೆರಡು ಹಳೆಯ ಚಿತ್ರಗಳನ್ನು ತಿಳಿಸಿರಿ.
(ತಾಯಿ, ಇಳಕಲ್)

ಉತ್ತರ: ಅಕ್ಕನವರೇ, ಮೊದಲು ಫ್ರ್ಯಾಂಕ್ ಕಾಪ್ರಾ ಅವರ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ನೋಡಿರಿ. ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ನಡುವೆ ಒಂದು ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾರೆ. ಐದು ಪ್ರಮುಖ ಆಸ್ಕರ್‌ಗಳನ್ನು ಒಟ್ಟಿಗೆ ಗೆದ್ದ ಮೊದಲ ಚಿತ್ರವಿದು, ಇಡೀ ಚಿತ್ರದಲ್ಲಿ ನಾಯಕ ನಾಯಕಿಯ ಒಂದು ಮುತ್ತೂ ಇಲ್ಲ. ಆದರೂ ಮಗಳಿಗೆ ಅವರಿಬ್ಬರ ಪ್ರೀತಿಯ ಬಗ್ಗೆ ಯಾವ ಸಂದೇಹವೂ ಉಳಿಯುವುದಿಲ್ಲ.

ಎರಡನೆಯದು ಅದೇ ನಿರ್ದೇಶಕರ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಇದರಲ್ಲಿ ಮುತ್ತಿದೆ, ಅದಕ್ಕೆ ಅಂಜಬೇಡಿರಿ. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಮರಳಿದ್ದ ಜೇಮ್ಸ್ ಸ್ಟೂವರ್ಟ್ ಅವರಿಗೆ ಯುದ್ಧಾನಂತರದ ಮೊದಲ ಚಿತ್ರವಿದು. ಅವರ ಎದುರಿಗೆ ಡೋನಾ ರೀಡ್. ಅವಳನ್ನು ಬಯಸುವ ಇನ್ನೊಬ್ಬ ದೂರದೂರಿನಿಂದ ಫೋನ್ ಮಾಡಿ, ಇಬ್ಬರೊಂದಿಗೂ ಮಾತಾಡಬೇಕೆನ್ನುತ್ತಾನೆ. ಅವರ ಕೈಯಲ್ಲಿರುವುದು ಒಂದೇ ರಿಸೀವರ್, ಆದ್ದರಿಂದ ಎರಡು ಮುಖಗಳೂ ಅದಕ್ಕೆ ಕಿವಿಗೊಟ್ಟು ಹತ್ತಿರ ಬರುತ್ತವೆ. ಆ ಕಡೆಯಿಂದ ಪ್ಲಾಸ್ಟಿಕ್ ವ್ಯಾಪಾರದ ಮಾತು ಹರಿಯುತ್ತಲೇ ಇರುತ್ತದೆ, ಈ ಕಡೆ ಇಬ್ಬರಿಗೂ ಅದು ಕೇಳಿಸದಂತಾಗುತ್ತದೆ. ಅವನಿಗೆ ಮದುವೆ ಬೇಡ, ಊರು ಬಿಟ್ಟು ಜಗತ್ತು ಸುತ್ತಬೇಕು. ಅವಳ ಭುಜ ಹಿಡಿದು ಅಲುಗಿಸಿ, ತನಗೆ ಇದಾವುದೂ ಬೇಡವೆಂದು ಕೂಗಿಯೇ ಅಳುತ್ತ ಅವಳನ್ನು ಅಪ್ಪಿಕೊಳ್ಳುತ್ತಾನೆ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ, ಒಂದು ಭಾನುವಾರದ ಬೆಳಗಿನ ಪ್ರದರ್ಶನದಲ್ಲಿ. ತೆರೆಯ ಮೇಲೆ ಎರಡು ಮುಖ ಹತ್ತಿರವಾದರೆ ಸಾಕು, ಮುಂದಿನ ಬೆಂಚುಗಳಿಂದ ಸಿಳ್ಳೆ ಏಳುತ್ತಿದ್ದ ಕಾಲವದು. ಆ ರಿಸೀವರಿನ ಮೇಲೆ ಎರಡು ತಲೆಗಳು ಬಾಗಿದಾಗ ಒಂದು ಸಿಳ್ಳೆಯೂ ಬರಲಿಲ್ಲ, ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ನಮಗೆಲ್ಲ ಕೇಳುತ್ತಿತ್ತು.